ಮನೆಯ ಅಡುಗೆಗೆ ತಕ್ಕ ಬ್ಲೆಂಡರ್ ಆರಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಬ್ಲೆಂಡರ್ ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ವ್ಯಾಟ್ ಸಂಖ್ಯೆಯ ಮೇಲೆ. ಮೋಟಾರು ಎಷ್ಟು ವಿದ್ಯುತ್ ಎಳೆದುಕೊಳ್ಳುತ್ತದೆ ಎಂಬುದನ್ನು ಆ ಸಂಖ್ಯೆ ತಿಳಿಸುತ್ತದೆ. ಜಾರ್‌ಗೆ ಹಾಕಿದ್ದು ಎಷ್ಟು ನುಣ್ಣಗಾಗುತ್ತದೆ, ನಡುವೆ ಎಷ್ಟು ಸಲ ಮುಚ್ಚಳ ತೆಗೆದು ಚಮಚದಿಂದ ಕೆದಕಬೇಕಾಗುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಒಂದೇ ವ್ಯಾಟ್‌ನ ಎರಡು ಯಂತ್ರಗಳ ಪೈಕಿ ಒಂದು ಸೊಪ್ಪಿನ ನಾರನ್ನೂ ಉಳಿಸದೆ ಅರೆದರೆ, ಇನ್ನೊಂದರಲ್ಲಿ ಎಲೆಯ ಚೂರುಗಳು ಜಾರ್‌ನ ಗೋಡೆಗೆ ಅಂಟಿಕೊಂಡು ಹಾಗೆಯೇ ಉಳಿದುಬಿಡುತ್ತವೆ. ಈ ವ್ಯತ್ಯಾಸಕ್ಕೆ ಬಹುಪಾಲು ಕಾರಣ ಜಾರ್‌ನ ಆಕಾರ, ಬ್ಲೇಡಿಗೂ ತಳಕ್ಕೂ ಇರುವ ಅಂತರ ಮತ್ತು ನಾವು ಹಾಕುವ ಪದಾರ್ಥದ ಅಳತೆ. ಆದ್ದರಿಂದಲೇ ಇಲ್ಲಿ ಮೋಟಾರಿನ ವಿಚಾರವನ್ನು ನಾಲ್ಕನೆಯ ಹಂತಕ್ಕೆ ಇಟ್ಟು, ಜಾರ್‌ನ ವಿಚಾರವನ್ನು ಅದಕ್ಕಿಂತ ಮೊದಲು ತಂದಿದ್ದೇನೆ.

ಹಂತ 1: ವಾರದ ಕೆಲಸವನ್ನು ಬರೆದುಕೊಳ್ಳುವುದು

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ, ಒಂದು ವಾರದಲ್ಲಿ ಈ ಯಂತ್ರದಿಂದ ನಿಜವಾಗಿ ಮಾಡಿಸಿಕೊಳ್ಳುವ ಕೆಲಸಗಳನ್ನು ಬರೆಯಿರಿ. ಪ್ರತಿ ಕೆಲಸದ ಮುಂದೆ ನಾಲ್ಕು ವಿಷಯಗಳಿರಲಿ: ಎಷ್ಟು ಜನರಿಗೆ, ಬಿಸಿಯೋ ತಣ್ಣಗೋ, ನೀರು ಸೇರುತ್ತದೆಯೋ ಇಲ್ಲವೋ, ನುಣ್ಣಗಾಗಬೇಕೋ ತರಿತರಿಯಾಗಿದ್ದರೆ ಸಾಕೋ. ಬೆಳಗ್ಗೆ ಒಬ್ಬರಿಗೆ ಒಂದು ಲೋಟ ಹಣ್ಣಿನ ಪಾನೀಯ ಮಾಡುವ ಮನೆಗೂ, ವಾರಕ್ಕೆರಡು ದಿನ ಆರು ಜನರಿಗೆ ಸೂಪ್ ಮಾಡುವ ಮನೆಗೂ ಬೇಕಾದ ಯಂತ್ರಗಳು ಬೇರೆಬೇರೆ. ವರ್ಷಕ್ಕೊಮ್ಮೆ ಮಾಡಬಹುದೆಂದು ಊಹಿಸಿಕೊಳ್ಳುವ ತಿನಿಸನ್ನು ಈ ಚೀಟಿಗೆ ಸೇರಿಸಬೇಡಿ. ದೊಡ್ಡ ಯಂತ್ರ ಕೊಂಡು ಕಪಾಟಿನಲ್ಲಿ ಇಟ್ಟುಬಿಡುವವರಲ್ಲಿ ಹೆಚ್ಚಿನವರು ಆ ಒಂದು ದಿನಕ್ಕಾಗಿ ಕೊಂಡವರೇ.

ಬ್ಲೆಂಡರ್‌ನಿಂದ ಆಗದ ಕೆಲಸಗಳನ್ನೂ ಈ ಹಂತದಲ್ಲೇ ತಿಳಿದಿರಬೇಕು. ಬೇಯಿಸಿದ ಆಲೂಗಡ್ಡೆಯನ್ನು ಅದರಲ್ಲಿ ಹಾಕಿದರೆ ಬ್ಲೇಡು ಜೀವಕೋಶಗಳನ್ನು ಒಡೆದು, ಒಳಗಿನ ಪಿಷ್ಟವೆಲ್ಲ ಹೊರಬಂದು ಗೋಂದಿನಂಥ ಮುದ್ದೆ ಸಿಗುತ್ತದೆ. ಮೊಟ್ಟೆಯ ಬಿಳಿಭಾಗವನ್ನು ನೊರೆಯಾಗಿ ಕಡೆಯುವುದಕ್ಕೆ ಬೇಕಾದ ಗಾಳಿಯನ್ನು ಅದು ಸೇರಿಸಲಾರದು. ಹಿಟ್ಟು ನಾದುವುದು, ಒಣ ತರಕಾರಿಯನ್ನು ಒಂದೇ ಅಳತೆಯ ತುಂಡುಗಳಾಗಿ ಹೆಚ್ಚುವುದು ಫುಡ್ ಪ್ರೊಸೆಸರ್‌ನ ಕೆಲಸ. ನೀರೇ ಇಲ್ಲದ ಗಟ್ಟಿ ಕಾಳನ್ನು ದಿನವೂ ಪುಡಿ ಮಾಡಬೇಕಾದವರಿಗೆ ಲೋಹದ ಚಿಕ್ಕ ಜಾರ್ ಇರುವ ಮಿಕ್ಸರ್ ಗ್ರೈಂಡರ್ ಹೆಚ್ಚು ಹೊಂದುತ್ತದೆ. ಬ್ಲೆಂಡರ್ ಮುಖ್ಯವಾಗಿ ದ್ರವದ ಯಂತ್ರ. ಹಣ್ಣು, ಸೊಪ್ಪು, ಮಂಜುಗಡ್ಡೆ, ಬೇಯಿಸಿದ ತರಕಾರಿ, ನೆನೆಸಿದ ಬೀಜಗಳು, ಎಣ್ಣೆ ಮತ್ತು ಹುಳಿಯನ್ನು ಬೆರೆಸಿದ ಸಾಸ್, ಇವೆಲ್ಲ ಅದರ ವ್ಯಾಪ್ತಿಗೆ ಸೇರಿದವು.

ಹಂತ 2: ಯಾವ ಬಗೆಯ ಬ್ಲೆಂಡರ್ ಎಂದು ನಿರ್ಧರಿಸುವುದು

ಮನೆಬಳಕೆಯ ಬ್ಲೆಂಡರ್‌ಗಳಲ್ಲಿ ಮೂರು ಬಗೆಗಳಿವೆ. ಕಟ್ಟೆಯ ಮೇಲೆ ನಿಲ್ಲುವ, ದೊಡ್ಡ ಜಾರ್‌ನ ಬ್ಲೆಂಡರ್ ಇವುಗಳಲ್ಲಿ ಹಳೆಯದು. ಪಾತ್ರೆಯ ತಳದಲ್ಲಿ ತಿರುಗುವ ಬ್ಲೇಡನ್ನು ಅಳವಡಿಸುವ ಕಲ್ಪನೆಯನ್ನು 1922ರಲ್ಲಿ ಅಮೆರಿಕದ ಸ್ಟೀಫನ್ ಪೊಪ್ಲಾವ್‌ಸ್ಕಿ ಪಾನೀಯ ತಯಾರಿಕೆಗಾಗಿ ರೂಪಿಸಿದ. ಈಗ ಸಿಗುವ ಇಂಥ ಯಂತ್ರಗಳ ಜಾರ್ ಸಾಮಾನ್ಯವಾಗಿ 1.2ರಿಂದ 2 ಲೀಟರ್ ಹಿಡಿಸುತ್ತದೆ. ಎರಡನೆಯದು ಒಬ್ಬರಿಗಾಗಿ ಮಾಡಿದ ಚಿಕ್ಕ ಬ್ಲೆಂಡರ್. ಇದರಲ್ಲಿ ಬ್ಲೇಡಿರುವ ಮುಚ್ಚಳವನ್ನು ಬಾಟಲಿಗೆ ತಿರುಗಿಸಿ ಕೂರಿಸಿ, ಬಾಟಲಿಯನ್ನೇ ತಲೆಕೆಳಗಾಗಿ ಮೋಟಾರಿನ ಮೇಲೆ ಇಡುತ್ತೇವೆ. ಮೂರನೆಯದು ಕೈಯಲ್ಲಿ ಹಿಡಿದು ಪಾತ್ರೆಯೊಳಗೇ ಅದ್ದಿ ಬಳಸುವ ಹ್ಯಾಂಡ್ ಬ್ಲೆಂಡರ್. ಸ್ವಿಟ್ಜರ್ಲೆಂಡಿನ ರೋಜರ್ ಪೆರಿಂಜಾಕೆ 1950ರಲ್ಲಿ ಇದಕ್ಕೆ ಪೇಟೆಂಟ್ ಪಡೆದ.

ನನ್ನ ಅಭಿಪ್ರಾಯದಲ್ಲಿ ಹ್ಯಾಂಡ್ ಬ್ಲೆಂಡರ್‌ಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಚೀಟಿಯಲ್ಲಿ ಸೂಪ್, ಸಾಸ್, ಬೇಯಿಸಿದ ತರಕಾರಿಯ ಗೊಜ್ಜಿನಂಥ ಪದಾರ್ಥಗಳೇ ಹೆಚ್ಚಾಗಿದ್ದರೆ, ಬಿಸಿ ಪಾತ್ರೆಯಿಂದ ಜಾರ್‌ಗೆ ಸುರಿಯುವ ಗೋಜಿಲ್ಲದೆ ಒಲೆಯ ಮೇಲಿನ ಪಾತ್ರೆಯಲ್ಲೇ ಕೆಲಸ ಮುಗಿಯುತ್ತದೆ, ತೊಳೆಯಬೇಕಾದದ್ದೂ ಒಂದು ಕೋಲು ಮಾತ್ರ. ಮಂಜುಗಡ್ಡೆ, ನಾರಿನ ಸೊಪ್ಪು, ಗಟ್ಟಿ ಬೀಜಗಳಿಗೆ ಅದು ಸಾಲದು. ಒಬ್ಬರೇ ಇರುವವರು ದಿನವೂ ಒಂದು ಲೋಟ ಪಾನೀಯ ಮಾಡಿಕೊಳ್ಳುವುದಾದರೆ ಬಾಟಲಿಯ ಬ್ಲೆಂಡರ್ ಸಾಕು. ಇವೆರಡರಿಂದಲೂ ಪೂರೈಸದ ಕೆಲಸ ಚೀಟಿಯಲ್ಲಿ ಉಳಿದಿದ್ದರೆ ಮಾತ್ರ ದೊಡ್ಡ ಜಾರ್‌ನ ಯಂತ್ರದತ್ತ ಹೋಗಿ. ಮುಂದಿನ ಹಂತಗಳು ಹೆಚ್ಚಾಗಿ ಅದಕ್ಕೇ ಸಂಬಂಧಿಸಿದವು.

ಹಂತ 3: ಜಾರ್‌ನ್ನು ಪರೀಕ್ಷಿಸುವುದು

ಬ್ಲೇಡು ಕತ್ತರಿಸುವುದು ತನ್ನ ಬಳಿಗೆ ಬಂದದ್ದನ್ನು ಮಾತ್ರ. ಆದ್ದರಿಂದ ಜಾರ್‌ನೊಳಗಿನ ಎಲ್ಲವೂ ಮತ್ತೆ ಮತ್ತೆ ಬ್ಲೇಡಿನ ಬಳಿಗೆ ಬರುವಂತೆ ಮಾಡುವುದೇ ಒಳ್ಳೆಯ ಬ್ಲೆಂಡರ್‌ನ ಗುಟ್ಟು. ಬ್ಲೇಡು ತಿರುಗಿದಾಗ ದ್ರವವು ಗೋಡೆಯತ್ತ ತಳ್ಳಲ್ಪಟ್ಟು, ಗೋಡೆಗುಂಟ ಮೇಲೇರಿ, ನಡುವಿನ ಸುಳಿಯ ಮೂಲಕ ಮತ್ತೆ ಕೆಳಗಿಳಿಯುತ್ತದೆ. ಈ ಸುಳಿ ಸರಾಗವಾಗಿ ಸಾಗುತ್ತಿದ್ದರೆ ಕೆದಕುವ ಪ್ರಮೇಯವೇ ಬರುವುದಿಲ್ಲ. ಪದಾರ್ಥ ತೀರ ಗಟ್ಟಿಯಾಗಿದ್ದರೆ ಬ್ಲೇಡಿನ ಸುತ್ತ ಒಂದು ಗಾಳಿಗುಳ್ಳೆ ಕಟ್ಟಿಕೊಳ್ಳುತ್ತದೆ, ಬ್ಲೇಡು ಅದರೊಳಗೆ ಬರಿದೇ ತಿರುಗುತ್ತದೆ, ಮೇಲಿನ ಮುದ್ದೆ ಅಲುಗಾಡದೆ ನಿಂತಿರುತ್ತದೆ. ಮೋಟಾರಿನ ಸದ್ದು ಇದ್ದಕ್ಕಿದ್ದಂತೆ ತೆಳುವಾಗಿ, ಕೀರಲಾಗಿ ಏರಿದರೆ ಗುಳ್ಳೆ ಕಟ್ಟಿತೆಂದೇ ಅರ್ಥ.

ಜಾರ್‌ನ್ನು ಕೈಗೆತ್ತಿಕೊಂಡು ಒಳಗೆ ಇಣುಕಿ ನೋಡಿ. ಗೋಡೆಯ ಮೇಲೆ ಲಂಬವಾದ ಉಬ್ಬುಗೆರೆಗಳಿದ್ದರೆ, ಇಲ್ಲವೇ ಜಾರ್ ಚೌಕಾಕಾರವಾಗಿದ್ದರೆ, ದ್ರವವು ಬ್ಲೇಡಿನ ಜೊತೆಯಲ್ಲೇ ಗಿರಗಿರನೆ ಸುತ್ತುವುದು ತಪ್ಪಿ ಒಳಮುಖವಾಗಿ ತಿರುಗಿ ಬೀಳುತ್ತದೆ. ಪೂರ್ತಿ ನುಣುಪಾದ ದುಂಡು ಜಾರ್‌ನಲ್ಲಿ ಎಲ್ಲವೂ ಒಂದೇ ಗತಿಯಲ್ಲಿ ಸುತ್ತುವುದರಿಂದ ಕತ್ತರಿಸುವ ಕೆಲಸ ನಿಧಾನವಾಗುತ್ತದೆ. ಬಳಿಕ ಬ್ಲೇಡಿನ ತುದಿಗೂ ಗೋಡೆಗೂ, ಬ್ಲೇಡಿನ ಕೆಳಗಿನ ರೆಕ್ಕೆಗೂ ತಳಕ್ಕೂ ಎಷ್ಟು ಎಡೆಯಿದೆ ಎಂದು ಗಮನಿಸಿ. ಎಡೆ ಹೆಚ್ಚಿದಷ್ಟೂ ಬೀಜಗಳೂ ಚೂರುಗಳೂ ಅಲ್ಲಿ ಅಡಗಿ ಕೂರುತ್ತವೆ.

ಗಾತ್ರದ ವಿಷಯದಲ್ಲಿ ಬಹಳ ಮಂದಿ ಗರಿಷ್ಠ ಅಳತೆಯನ್ನಷ್ಟೇ ಕೇಳುತ್ತಾರೆ. ಕನಿಷ್ಠ ಅಳತೆ ಅದಕ್ಕಿಂತ ಮುಖ್ಯ. ಅಗಲ ತಳದ 2 ಲೀಟರ್ ಜಾರ್‌ನಲ್ಲಿ ಒಂದು ಬಟ್ಟಲು ಸಾಸ್ ಮಾಡಲು ಹೊರಟರೆ, ಅದು ಬ್ಲೇಡಿನ ಕೆಳಗೇ ಉಳಿದು ಗೋಡೆಗೆ ಸಿಡಿದು ವ್ಯರ್ಥವಾಗುತ್ತದೆ. ತಳ ಕಿರಿದಾಗಿದ್ದು ಮೇಲೆ ಅಗಲವಾಗುವ ಜಾರ್‌ನಲ್ಲಿ ಕಡಿಮೆ ಅಳತೆಯೂ ಚೆನ್ನಾಗಿ ಅರೆಯುತ್ತದೆ. ಆದರೆ ಗಟ್ಟಿ ಪದಾರ್ಥ ಆ ಕಿರಿದಾದ ತಳದಲ್ಲಿ ಸಿಕ್ಕಿಕೊಳ್ಳುವ ಸಂಭವವೂ ಹೆಚ್ಚು. ಗಟ್ಟಿ ಪದಾರ್ಥಗಳನ್ನೇ ಹೆಚ್ಚಾಗಿ ಮಾಡುವವರು ಮುಚ್ಚಳದ ರಂಧ್ರದ ಮೂಲಕ ಒಳಗೆ ಇಳಿಸುವ ಒತ್ತುಗೋಲನ್ನು ಜೊತೆಗೆ ಕೊಡುವ ಯಂತ್ರವನ್ನೇ ಆರಿಸಬೇಕು. ಮುಚ್ಚಳ ಹಾಕಿದ್ದಾಗ ಬ್ಲೇಡಿಗೆ ತಾಗದಷ್ಟೇ ಉದ್ದದಲ್ಲಿ ಆ ಕೋಲನ್ನು ಮಾಡಿರುತ್ತಾರಾದ್ದರಿಂದ, ಅದರ ಬದಲು ಮರದ ಸೌಟನ್ನು ಇಳಿಸುವುದು ಅಪಾಯಕರ.

ಇನ್ನು ಜಾರ್‌ನ ವಸ್ತು. ಗಾಜಿನ ಮೇಲೆ ಸುಲಭವಾಗಿ ಗೀರು ಬೀಳುವುದಿಲ್ಲ, ವಾಸನೆ ಹಿಡಿಯುವುದಿಲ್ಲ, ವರ್ಷಗಳ ಬಳಿಕವೂ ಸ್ವಚ್ಛವಾಗಿ ಕಾಣುತ್ತದೆ. ತೂಕ ಹೆಚ್ಚು, ಕೈಜಾರಿದರೆ ಒಡೆಯುತ್ತದೆ, ಸಾಮಾನ್ಯ ಗಾಜಾದರೆ ಫ್ರಿಜ್‌ನಿಂದ ತೆಗೆದ ಕೂಡಲೇ ಬಿಸಿ ಸುರಿದಾಗ ಬಿರುಕು ಬಿಡಬಹುದು. ಬೊರೊಸಿಲಿಕೇಟ್ ಗಾಜು ತಾಪದ ಏರಿಳಿತವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಪ್ಲಾಸ್ಟಿಕ್‌ನಲ್ಲಿ ಪಾಲಿಕಾರ್ಬೊನೇಟ್ ಗಟ್ಟಿಮುಟ್ಟಾದುದಾದರೂ ಆಹಾರಕ್ಕೆ ಸೇರಬಹುದೆಂಬ ಕಳವಳವಿರುವ ಬಿಸ್ಫಿನಾಲ್ ಎ ಎಂಬ ರಾಸಾಯನಿಕದಿಂದಲೇ ತಯಾರಾಗುತ್ತದೆ. ಅದಿಲ್ಲದ ಟ್ರೈಟಾನ್ ಎಂಬ ಕೋಪಾಲಿಯೆಸ್ಟರ್ ಪ್ಲಾಸ್ಟಿಕ್ ಈಗ ಒಳ್ಳೆಯ ಯಂತ್ರಗಳಲ್ಲಿ ಸಾಮಾನ್ಯ. ಹಗುರ, ಬಿದ್ದರೂ ಒಡೆಯದು, ಆದರೆ ಒಣ ಕಾಳು ಪುಡಿ ಮಾಡಿದರೆ ಒಳಗೋಡೆ ಮಸುಕಾಗುತ್ತದೆ. ಸ್ಟೀಲ್ ಜಾರ್ ಎಲ್ಲಕ್ಕಿಂತ ಗಟ್ಟಿ. ಒಳಗೇನಾಗುತ್ತಿದೆ ಎಂದು ಕಾಣದಿರುವುದು ಬ್ಲೆಂಡರ್‌ನ ಮಟ್ಟಿಗೆ ಸಣ್ಣ ಕೊರತೆಯೇನಲ್ಲ, ಏಕೆಂದರೆ ಸುಳಿಯನ್ನು ನೋಡುತ್ತಲೇ ವೇಗವನ್ನು ಹೊಂದಿಸಬೇಕಾಗುತ್ತದೆ.

ಹಂತ 4: ಮೋಟಾರಿನ ಲೆಕ್ಕವನ್ನು ಸರಿಯಾಗಿ ಓದುವುದು

ಜಾಹೀರಾತಿನಲ್ಲಿ ಬರುವ ಹಾರ್ಸ್‌ಪವರ್ ಅನ್ನು ಹಾಗೆಯೇ ನಂಬುವಂತಿಲ್ಲ. ಒಂದು ಹಾರ್ಸ್‌ಪವರ್ ಎಂದರೆ ಸುಮಾರು 746 ವ್ಯಾಟ್. ಮೂರು ಎಂದರೆ 2,200 ವ್ಯಾಟ್ ದಾಟುತ್ತದೆ. ಅಮೆರಿಕದಲ್ಲಿ ಬಳಕೆಯಲ್ಲಿರುವ 120 ವೋಲ್ಟ್, 15 ಆಂಪಿಯರ್‌ನ ಪ್ಲಗ್ ಕೊಡಬಲ್ಲದ್ದು ಹೆಚ್ಚೆಂದರೆ 1,800 ವ್ಯಾಟ್. ಹಾಗಿದ್ದೂ ಅಂಥ ಪ್ಲಗ್‌ಗೆ ಮಾಡಿದ ಯಂತ್ರದ ಮೇಲೆ ಮೂರು ಹಾರ್ಸ್‌ಪವರ್ ಎಂದು ಬರೆದಿರುವುದುಂಟು. ಅದು ಶುರುವಾಗುವ ಗಳಿಗೆಯ ಗರಿಷ್ಠ ಮಟ್ಟವೇ ಹೊರತು ಕೆಲಸದುದ್ದಕ್ಕೂ ಸಿಗುವ ಶಕ್ತಿಯಲ್ಲ. ನೋಡಬೇಕಾದದ್ದು ಯಂತ್ರದ ತಳದಲ್ಲಿ ಅಂಟಿಸಿರುವ ಫಲಕವನ್ನು. ಅಲ್ಲಿ ವೋಲ್ಟೇಜ್, ವ್ಯಾಟ್ ಜೊತೆಗೆ ಕೆಲವೊಮ್ಮೆ ಕೆಬಿ ಎಂಬ ಎರಡಕ್ಷರಗಳೂ ಅದರ ಮುಂದೆ ಒಂದು ಸಣ್ಣ ಸಂಖ್ಯೆಯೂ ಇರುತ್ತವೆ. ಅಷ್ಟು ನಿಮಿಷ ಓಡಿಸಿದ ಮೇಲೆ ಯಂತ್ರಕ್ಕೆ ಬಿಡುವು ಕೊಡಬೇಕೆಂದು ಅದರ ಅರ್ಥ. ಒಂದು ನಿಮಿಷದ ಯಂತ್ರವನ್ನು ಬೀಜಗಳ ಬೆಣ್ಣೆ (ಕಡಲೆಕಾಯಿ, ಬಾದಾಮಿಯಂಥ ಬೀಜಗಳನ್ನು ನುಣ್ಣಗೆ ಅರೆದ ಮುದ್ದೆ) ಮಾಡಲು ಸತತವಾಗಿ ಐದು ನಿಮಿಷ ಓಡಿಸಿದರೆ ಅದು ಬಾಳಿಕೆ ಬರುವುದು ಕಷ್ಟ. ಬೇರೆ ದೇಶದಿಂದ ತಂದ ಅಥವಾ ತರಿಸಿದ ಯಂತ್ರವಾದರೆ ವೋಲ್ಟೇಜ್ ಅನ್ನು ಎರಡು ಸಲ ನೋಡಿ. 120 ವೋಲ್ಟ್‌ಗೆ ಮಾಡಿದ್ದನ್ನು 230 ವೋಲ್ಟ್‌ಗೆ ನೇರವಾಗಿ ಸಿಕ್ಕಿಸಿದರೆ ಮೋಟಾರು ಸುಟ್ಟುಹೋಗುತ್ತದೆ.

ಸ್ಥೂಲವಾಗಿ ಹೇಳುವುದಾದರೆ, ಮೆತ್ತನೆಯ ಹಣ್ಣು ಮತ್ತು ಬೇಯಿಸಿದ ತರಕಾರಿಗೆ 300ರಿಂದ 600 ವ್ಯಾಟ್ ಸಾಕು. ಮಂಜುಗಡ್ಡೆ, ಹೆಪ್ಪುಗಟ್ಟಿದ ಹಣ್ಣು, ನಾರಿನ ಸೊಪ್ಪು ವಾರದಲ್ಲಿ ಹಲವು ದಿನ ಇದ್ದರೆ 700ರಿಂದ 1,000 ವ್ಯಾಟ್ ಬೇಕು. ಬೀಜಗಳ ಬೆಣ್ಣೆ, ತೀರ ಗಟ್ಟಿಯಾದ ಪದಾರ್ಥ ಎಂದರೆ 1,200ಕ್ಕಿಂತ ಮೇಲಿನದು. ಇದೂ ಜಾರ್ ಚೆನ್ನಾಗಿದ್ದರೆ ಮಾತ್ರ ನಿಲ್ಲುವ ಲೆಕ್ಕ.

ಹೆಚ್ಚಿನ ಬ್ಲೆಂಡರ್‌ಗಳಲ್ಲಿ ಇರುವುದು ಯೂನಿವರ್ಸಲ್ ಮೋಟಾರು, ಅಂದರೆ ತಿರುಗುವ ಭಾಗಕ್ಕೆ ಉಜ್ಜಿಕೊಂಡು ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳಿರುವ ಮೋಟಾರು. ಕತ್ತಲೆಯಲ್ಲಿ ಗಾಳಿಕಂಡಿಯ ಮೂಲಕ ನೋಡಿದರೆ ಒಳಗೆ ಸಣ್ಣ ನೀಲಿ ಕಿಡಿಗಳು ಕಾಣುತ್ತವೆ. ಬ್ರಷ್ ಉಜ್ಜುವಲ್ಲಿ ಹುಟ್ಟುವ ಆ ಕಿಡಿ ಸಹಜವಾದದ್ದು. ಮೋಟಾರನ್ನು ತಣ್ಣಗಿಡುವ ಫ್ಯಾನ್ ಅದೇ ದಂಡಕ್ಕೆ ಜೋಡಣೆಯಾಗಿರುವುದರಿಂದ, ವೇಗ ಕಡಿಮೆಯಿದ್ದರೆ ಗಾಳಿಯೂ ಕಡಿಮೆ. ಗಟ್ಟಿ ಪದಾರ್ಥವನ್ನು ನಿಧಾನ ವೇಗದಲ್ಲಿ ದೀರ್ಘಕಾಲ ತಿರುಗಿಸುವುದು ಯಂತ್ರಕ್ಕೆ ದಯೆ ತೋರಿದಂತೆ ಕಂಡರೂ, ವಾಸ್ತವದಲ್ಲಿ ಅದು ಹೆಚ್ಚು ವಿದ್ಯುತ್ ಎಳೆದು, ಕಡಿಮೆ ಗಾಳಿ ಪಡೆದು, ಬೇಗ ಕಾಯುತ್ತದೆ. ನಿಧಾನವಾಗಿ ಶುರುಮಾಡಿ, ಸುಳಿ ಕಟ್ಟಿದ ಕೂಡಲೇ ವೇಗ ಏರಿಸುವುದೇ ಸರಿಯಾದ ರೂಢಿ. ಮಿತಿಮೀರಿ ಕಾದಾಗ ತಾನಾಗಿ ನಿಲ್ಲಿಸುವ ರಕ್ಷಣೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಕೆಲವು ಯಂತ್ರಗಳಲ್ಲಿ ತಣಿದ ಬಳಿಕ ತಳದಲ್ಲಿರುವ ಚಿಕ್ಕ ಗುಂಡಿಯನ್ನು ಒತ್ತಬೇಕಾಗುತ್ತದೆ, ಉಳಿದವು ತಾವೇ ಸರಿಹೋಗುತ್ತವೆ.

ಮೋಟಾರನ್ನೂ ಬ್ಲೇಡನ್ನೂ ಜೋಡಿಸುವ ಕಪ್ಲರ್ ಮೇಲೂ ಒಮ್ಮೆ ಬೆರಳಾಡಿಸಿ ನೋಡಿ. ಲೋಹದ್ದು ಸವೆಯುವುದು ನಿಧಾನ. ರಬ್ಬರ್ ಅಥವಾ ಪ್ಲಾಸ್ಟಿಕ್‌ನದು ಕೀಳೆಂದು ತಳ್ಳಿಹಾಕಬೇಕಾಗಿಲ್ಲ. ಬ್ಲೇಡು ಸಿಕ್ಕಿಬಿದ್ದಾಗ ಅದರ ಹಲ್ಲು ಕಿತ್ತುಹೋಗಿ ಮೋಟಾರು ಉಳಿಯುತ್ತದೆ. ಬದಲಿ ಕಪ್ಲರ್ ಬಿಡಿಯಾಗಿ ಸಿಗುತ್ತದೆಯೇ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ.

ಹಂತ 5: ಬ್ಲೇಡು ಮತ್ತು ಗುಂಡಿಗಳು

ಬ್ಲೇಡು ಹರಿತವಾಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಅರ್ಧ ಮಾತ್ರ ನಿಜ. ಹೆಚ್ಚು ಶಕ್ತಿಯ ಯಂತ್ರಗಳಲ್ಲಿ ಬ್ಲೇಡು ಮೊಂಡಾಗಿಯೇ ಇರುತ್ತದೆ. 8 ಸೆಂಟಿಮೀಟರ್ ಅಗಲದ ಬ್ಲೇಡು ನಿಮಿಷಕ್ಕೆ 25,000 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ 100 ಮೀಟರ್‌ಗಿಂತ ಹೆಚ್ಚು ಸಾಗುತ್ತದೆ. ಆ ವೇಗದಲ್ಲಿ ಪದಾರ್ಥ ಕತ್ತರಿಸಿಹೋಗುವುದಕ್ಕಿಂತ ಹೆಚ್ಚಾಗಿ ಹೊಡೆತಕ್ಕೆ ಸಿಕ್ಕಿ ಚೂರಾಗುತ್ತದೆ. ಕಡಿಮೆ ಶಕ್ತಿಯ ಯಂತ್ರಕ್ಕೆ ಹರಿತವೇ ಆಧಾರ. ರೆಕ್ಕೆಗಳಲ್ಲಿ ಕೆಲವು ಮೇಲಕ್ಕೂ ಕೆಲವು ಕೆಳಕ್ಕೂ ಬಾಗಿರಬೇಕು. ಬಿಚ್ಚಬಹುದಾದ ಬ್ಲೇಡನ್ನು ಪೂರ್ತಿ ತೊಳೆಯಬಹುದು, ಆದರೆ ಸೋರದಂತೆ ನಡುವೆ ಕೂರಿಸುವ ರಬ್ಬರ್ ಬಳೆ, ಅಂದರೆ ಗ್ಯಾಸ್ಕೆಟ್, ಸರಿಯಾಗಿ ಕೂರದಿದ್ದರೆ ಸೋರುತ್ತದೆ. ಕಾಯಂ ಆಗಿ ಕೂರಿಸಿದ ಬ್ಲೇಡಿನಲ್ಲಿ ಸೋರಿಕೆ ಅಪರೂಪ, ಆದರೆ ಬ್ಲೇಡಿನ ದಂಡ ಸರಾಗವಾಗಿ ತಿರುಗಲು ಆಧಾರವಾದ ಬೇರಿಂಗ್ ಹೋದರೆ ಜಾರ್ ಸಮೇತ ಬದಲಿಸಬೇಕಾಗುತ್ತದೆ.

ಗುಂಡಿಗಳ ಸಂಖ್ಯೆಗೆ ಮರುಳಾಗಬೇಡಿ. ನಿಧಾನದಿಂದ ಜೋರಿಗೆ ಹಂತಹಂತವಾಗಿ ಏರಿಸುವ ಒಂದು ತಿರುಗುಗುಂಡಿ ಮತ್ತು ಒತ್ತಿದಷ್ಟು ಹೊತ್ತು ಮಾತ್ರ ತಿರುಗುವ ಪಲ್ಸ್, ಇವಿಷ್ಟಿದ್ದರೆ ಸಾಕು. ಸೂಪ್, ಸ್ಮೂದಿ ಎಂದು ಹೆಸರಿಟ್ಟ ಗುಂಡಿಗಳು ಸಾಮಾನ್ಯವಾಗಿ ವೇಗ ಮತ್ತು ಸಮಯವನ್ನು ಮೊದಲೇ ನಿಗದಿಪಡಿಸಿರುವಂಥವು.

ಹಂತ 6: ಬಿಸಿ ಪದಾರ್ಥದ ವಿಚಾರ

ಬಿಸಿ ಸೂಪ್ ಮಾಡುವ ಉದ್ದೇಶವಿದ್ದರೆ ಮುಚ್ಚಳದ ನಡುವೆ ತೆಗೆಯಬಹುದಾದ ಚಿಕ್ಕ ಬಿರಡೆ ಇರಲೇಬೇಕು. ಬಿಸಿ ದ್ರವವನ್ನು ಕಲಕಿದ ಕ್ಷಣದಲ್ಲಿ ಮೇಲಿನ ಗಾಳಿ ಹಠಾತ್ತನೆ ಕಾದು ಹಿಗ್ಗುತ್ತದೆ, ಅದಕ್ಕೆ ಹಬೆಯ ಒತ್ತಡವೂ ಸೇರಿ ಮುಚ್ಚಳ ಹಾರಿಹೋಗುತ್ತದೆ. ಜಾರ್‌ನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬದೆ, ಬಿರಡೆ ತೆಗೆದು, ಆ ರಂಧ್ರದ ಮೇಲೆ ಮಡಿಸಿದ ಬಟ್ಟೆಯಿಟ್ಟು, ತೀರ ನಿಧಾನ ವೇಗದಲ್ಲಿ ಶುರುಮಾಡಬೇಕು. ಬಾಟಲಿಯ ಬ್ಲೆಂಡರ್‌ನಲ್ಲಿ ಹಬೆ ಹೋಗಲು ದಾರಿಯೇ ಇಲ್ಲದಿರುವುದರಿಂದ ಬಿಸಿಯನ್ನು ಅದಕ್ಕೆ ಎಂದೂ ಹಾಕಬಾರದು.

ಬಿಸಿ ಹಾಕದಿದ್ದರೂ ಬ್ಲೆಂಡರ್ ತಾನೇ ಬಿಸಿ ಹುಟ್ಟಿಸುತ್ತದೆ. 1,000 ವ್ಯಾಟ್ ಶಕ್ತಿಯೆಲ್ಲ ಒಂದು ಲೀಟರ್ ನೀರಿಗೆ ಸೇರಿದರೆ ಐದು ನಿಮಿಷದಲ್ಲಿ ಅದರ ತಾಪ ಸುಮಾರು 70 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಮೋಟಾರು ತನ್ನೊಳಗೇ ಒಂದು ಪಾಲನ್ನು ಕಳೆದುಕೊಳ್ಳುವುದರಿಂದ ಅಷ್ಟು ಏರದಿದ್ದರೂ, ದೊಡ್ಡ ಯಂತ್ರಗಳು ತಣ್ಣೀರಿನಿಂದ ಹಬೆಯಾಡುವ ಸೂಪ್ ಮಾಡಿಕೊಡುವುದು ಈ ಬಲದಿಂದಲೇ. ಪಾನೀಯ ತಣ್ಣಗಿರಬೇಕಾದರೆ ಒಂದು ನಿಮಿಷದೊಳಗೆ ನಿಲ್ಲಿಸಬೇಕಾದದ್ದೂ ಇದೇ ಕಾರಣಕ್ಕೆ.

ಹಂತ 7: ಜಾಗ, ಸದ್ದು, ತೊಳೆಯುವಿಕೆ

ಕಟ್ಟೆಗೂ ಮೇಲಿನ ಕಪಾಟಿಗೂ ನಡುವಿನ ಎತ್ತರವನ್ನು ಟೇಪಿನಿಂದ ಅಳೆದುಕೊಂಡೇ ಅಂಗಡಿಗೆ ಹೋಗಿ. ಹಲವು ಮನೆಗಳಲ್ಲಿ ಅದು 45 ಸೆಂಟಿಮೀಟರ್‌ನ ಆಸುಪಾಸು. ಜಾರ್ ಸಮೇತ ಅದಕ್ಕಿಂತ ಎತ್ತರವಿರುವ ಯಂತ್ರಗಳು ಸಾಕಷ್ಟಿವೆ. ಪ್ರತಿ ಸಲ ಕಪಾಟಿನಿಂದ ಇಳಿಸಿ ಹೊರಗಿಡಬೇಕಾದ ಯಂತ್ರದ ಬಳಕೆ ಕ್ರಮೇಣ ಕಡಿಮೆಯಾಗುತ್ತದೆ. ತುಂಬಿದ ಜಾರ್‌ನ್ನು ಒಂದೇ ಕೈಯಲ್ಲಿ ಎತ್ತಿ ಸುರಿಯಲು ಆಗುತ್ತದೆಯೇ ಎಂಬುದನ್ನು, ವಿಶೇಷವಾಗಿ ಮನೆಯಲ್ಲಿ ಹಿರಿಯರು ಬಳಸುವುದಾದರೆ, ಯೋಚಿಸಬೇಕು.

ಬ್ಲೆಂಡರ್‌ಗಳ ಸದ್ದು ಹತ್ತಿರದಿಂದ 80ರಿಂದ 100 ಡೆಸಿಬೆಲ್‌ವರೆಗೆ ಇರಬಹುದು. 10 ಡೆಸಿಬೆಲ್ ಹೆಚ್ಚಿದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾಗಿ ಕೇಳುತ್ತದೆ. ಗೋಡೆಯ ಆಚೆ ಮಗು ಮಲಗುವ ಮನೆಯಾದರೆ ಅಂಗಡಿಯಲ್ಲಿ ಯಂತ್ರವನ್ನು ಓಡಿಸಿ ತೋರಿಸುವಂತೆ ಕೇಳಿ, ಬರಿ ಜಾರ್‌ನಲ್ಲಲ್ಲ, ನೀರು ಹಾಕಿ.

ತೊಳೆಯುವುದಕ್ಕೆ ಬೆಚ್ಚನೆಯ ನೀರನ್ನು ಅರ್ಧ ಜಾರ್ ಹಾಕಿ, ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ, ಅರ್ಧ ನಿಮಿಷ ತಿರುಗಿಸಿದರೆ ದಿನದ ಮಟ್ಟಿಗೆ ಸಾಕು. ಗ್ಯಾಸ್ಕೆಟ್‌ನ ಅಡಿಯಲ್ಲೂ ಮುಚ್ಚಳದ ಅಂಚಿನ ಸಂದಿಯಲ್ಲೂ ಪದಾರ್ಥ ಉಳಿದು ಬೂಷ್ಟು ಹಿಡಿಯುತ್ತದೆ. ಈ ಭಾಗಗಳನ್ನು ಬಿಚ್ಚಿ ಒಣಗಿಸಲು ಬರುತ್ತದೆಯೇ ಎಂದು ಕೊಳ್ಳುವಾಗಲೇ ಬಿಚ್ಚಿ ನೋಡಿ.

ಹಂತ 8: ಕೊಳ್ಳುವ ಮುನ್ನ, ಕೊಂಡ ಮೇಲೆ

ಅಂಗಡಿಯಲ್ಲಿ ಜಾರ್‌ನ್ನು ಕೂರಿಸಿ ಅಲುಗಾಡಿಸಿ. ಸ್ವಲ್ಪ ಸಡಿಲ ಸಹಜ, ಕಟಕಟ ಸದ್ದು ಮಾಡುವಷ್ಟು ಇರಬಾರದು. ಜಾರ್ ಇಲ್ಲದಾಗ ಗುಂಡಿ ಒತ್ತಿದರೂ ಓಡದಂಥ ರಕ್ಷಣೆ ಇದ್ದರೆ ಒಳ್ಳೆಯದು. ಅಡುಗೆ ಯಂತ್ರಗಳ ಸುರಕ್ಷತೆಗೆ ಐಇಸಿ 60335-2-14 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕೈಪಿಡಿಯಲ್ಲಿ ಅದರ ಉಲ್ಲೇಖವಿದೆಯೇ ನೋಡಿ. ವಾರಂಟಿ ಎಷ್ಟು ವರ್ಷ ಎಂಬುದರ ಜೊತೆಗೆ ಅದು ಮೋಟಾರಿಗೆ ಮಾತ್ರವೇ, ಜಾರ್ ಮತ್ತು ಬ್ಲೇಡಿಗೂ ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲೇ ಓದಿ ತಿಳಿದುಕೊಳ್ಳಿ.

ಮನೆಗೆ ತಂದ ಬಳಿಕ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಮೂರು ಪರೀಕ್ಷೆ ಮಾಡಿ. ಮೊದಲು 250 ಮಿಲಿಲೀಟರ್ ನೀರು, ಮೇಲೆ ಎರಡು ಹಿಡಿ ಗಟ್ಟಿ ಸೊಪ್ಪು ಹಾಕಿ ಒಂದು ನಿಮಿಷ ತಿರುಗಿಸಿ, ಸಣ್ಣ ಜರಡಿಯಲ್ಲಿ ಸೋಸಿ. ಜರಡಿಯಲ್ಲಿ ಉಳಿದ ನಾರೇ ಯಂತ್ರದ ಅಂಕಪಟ್ಟಿ. ಎರಡನೆಯದಾಗಿ, ಒಂದು ಲೋಟ ಮಂಜುಗಡ್ಡೆಯನ್ನು ಸ್ವಲ್ಪ ನೀರಿನೊಂದಿಗೆ ಪಲ್ಸ್‌ನಲ್ಲಿ ಒಡೆಯಿರಿ, ದೊಡ್ಡ ಚೂರು ಉಳಿಯಬಾರದು. ಮೂರನೆಯದಾಗಿ, ನಿಮ್ಮ ಚೀಟಿಯಲ್ಲಿರುವ ಅತ್ಯಂತ ಕಷ್ಟದ ಕೆಲಸವನ್ನು ನೀವು ಸಾಮಾನ್ಯವಾಗಿ ಮಾಡುವ ಅಳತೆಯಲ್ಲೇ ಮಾಡಿ. ಪ್ರತಿ ಸಲವೂ ದ್ರವ ಮೊದಲು, ಮೆತ್ತನೆಯದು ಅದರ ಮೇಲೆ, ಹೆಪ್ಪುಗಟ್ಟಿದ್ದು ಅಥವಾ ಗಟ್ಟಿಯಾದದ್ದು ಕೊನೆಗೆ, ಈ ಕ್ರಮ ತಪ್ಪದಿರಲಿ. ಕ್ರಮ ತಪ್ಪಿ ಹಾಕಿ ಯಂತ್ರ ಸರಿಯಿಲ್ಲ ಎನ್ನುವುದು ನ್ಯಾಯವಲ್ಲ. ಮೊದಲ ಒಂದೆರಡು ಬಳಕೆಯಲ್ಲಿ ಹೊಸ ಮೋಟಾರಿನಿಂದ ತುಸು ಕಾದ ವಾಸನೆ ಬರಬಹುದು. ಅದು ನಂತರವೂ ಮುಂದುವರಿದರೆ, ಅಥವಾ ಜಾರ್‌ನ ಅಡಿಯಲ್ಲಿ ಕಪ್ಪು ತೇವ ಕಂಡರೆ, ಮತ್ತೆ ಓಡಿಸದೆ ಬಿಲ್ಲಿನ ಸಮೇತ ಅಂಗಡಿಗೆ ಒಯ್ಯಿರಿ.